ರೋಗವನ್ನು ಅಳೆಯಲು ಕಲಿಸಿದ ವೈದ್ಯ: ಸರ್ ರೊನಾಲ್ಡ್ ರಾಸ್



2022ರ ಸೆಪ್ಟೆಂಬರ್ ತಿಂಗಳಲ್ಲಿ ನಮ್ಮ ಮಾರಿಕಣಿವೆಯ ಕೋಡಿ ಹರಿದದ್ದು ನಿಮಗೆಲ್ಲ ನೆನಪಿರಬೇಕು. 1933ರ ನಂತರ, ಅಂದರೆ 89 ವರ್ಷಗಳ ಮೇಲೆ, ವಾಣಿವಿಲಾಸ ಸಾಗರ ತುಂಬಿತ್ತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದಿಂದ ಜನ ತಂಡತಂಡವಾಗಿ ಹೋಗಿ ಕಣ್ತುಂಬ ನೋಡಿ ಬಂದರು. 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಬಿದ್ದಿತು. ಬರಗಾಲದ ಸೀಮೆ ಎಂದು ಹೆಸರಾದ ನಮ್ಮ ಜಿಲ್ಲೆಗೆ ಇದಕ್ಕಿಂತ ದೊಡ್ಡ ಸಂತೋಷ ಬೇರೆ ಏನಿದೆ?

ಆದರೆ ನೀರಿನ ಜೊತೆಗೆ ಬರುವ ಇನ್ನೊಂದು ಅತಿಥಿಯನ್ನೂ ನಾವು ಮರೆಯಬಾರದು. ಅದು ಸೊಳ್ಳೆ. ವೇದಾವತಿಗೆ ಅಡ್ಡಲಾಗಿ ಈ ಅಣೆಕಟ್ಟಿನ ಕೆಲಸ ಆರಂಭವಾದದ್ದು 1898ರಲ್ಲಿ. ಅದೇ ವರ್ಷ ದೂರದ ಕಲ್ಕತ್ತಾದಲ್ಲಿ ಒಬ್ಬ ಸೇನಾ ವೈದ್ಯರು, ಮಲೇರಿಯಾ ಒಂದು ಜೀವಿಯಿಂದ ಇನ್ನೊಂದಕ್ಕೆ ಹೋಗುವುದು ಸೊಳ್ಳೆಯ ಕಡಿತದಿಂದಲೇ ಎಂಬುದನ್ನು ಪ್ರಯೋಗದಿಂದ ತೋರಿಸಿದರು. ಅವರೇ ರೊನಾಲ್ಡ್ ರಾಸ್. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅವರ ಹೆಸರನ್ನು ನೀವು ಓದಿದ್ದೀರಿ. ಆದರೆ ಅವರ ಬದುಕಿನ ಎರಡು ಸಂಗತಿಗಳು ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ. ಒಂದು, ಅವರ ಸೊಳ್ಳೆಯ ಕಥೆ ಮೊದಲಾದದ್ದು ನಮ್ಮ ಬೆಂಗಳೂರಿನಲ್ಲಿ. ಎರಡು, ಆರೋಗ್ಯ ಇಲಾಖೆಯ ಕೆಲಸ ಫಲ ಕೊಟ್ಟಿದೆಯೇ ಇಲ್ಲವೇ ಎಂಬುದನ್ನು ಎಣಿಸಿ, ಅಳೆದು ನೋಡಲೇಬೇಕೆಂದು ಜೀವನವಿಡೀ ಹಟ ಹಿಡಿದವರು ಅವರು. ಈ ಲೇಖನದಲ್ಲಿ ಆ ಎರಡನೆಯ ಸಂಗತಿಯನ್ನೇ ಹೆಚ್ಚಾಗಿ ನಿಮ್ಮ ಮುಂದೆ ಇಡಲು ಬಯಸುತ್ತೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರೊನಾಲ್ಡ್ ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಆಲ್ಮೋರಾದಲ್ಲಿ. ದೇಶದಲ್ಲಿ ಪ್ರಥಮ ಸ್ವಾತಂತ್ರ್ಯ ಸಂಗ್ರಾಮದ ಕಿಡಿ ಹೊತ್ತಿಕೊಂಡದ್ದು ಅದೇ ವಾರದಲ್ಲಿ. ತಂದೆ ಬ್ರಿಟಿಷ್ ಭಾರತದ ಸೈನ್ಯದಲ್ಲಿ ಅಧಿಕಾರಿ. ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ಎಂಟನೆಯ ವಯಸ್ಸಿಗೆ ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಲ್ಪಟ್ಟರು.

ಬಾಲಕ ರಾಸ್‌ಗೆ ಚಿತ್ರ, ಸಂಗೀತ, ಕಾವ್ಯ, ಗಣಿತ ಎಂದರೆ ಪ್ರಾಣ. ವೈದ್ಯನಾಗುವ ಆಸೆ ಕಿಂಚಿತ್ತೂ ಇರಲಿಲ್ಲ. ಆದರೆ ತಂದೆಯ ಮಾತನ್ನು ಮೀರುವಂತಿರಲಿಲ್ಲ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ವೈದ್ಯಕೀಯ ಶಾಲೆ ಸೇರಿದರು. ಓದಿನಲ್ಲಿ ಮನಸ್ಸಿಲ್ಲದೆ ಒಂದು ಪರೀಕ್ಷೆಯಲ್ಲಿ ನಪಾಸೂ ಆದರು. ಹಡಗಿನ ವೈದ್ಯರಾಗಿ ಸ್ವಲ್ಪ ಕಾಲ ದುಡಿದು, ಮತ್ತೆ ಪರೀಕ್ಷೆ ಬರೆದು ತೇರ್ಗಡೆಯಾಗಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿ ಮದರಾಸು ಪ್ರಾಂತ್ಯಕ್ಕೆ ಬಂದರು.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಒಂದು ಪರೀಕ್ಷೆಯಲ್ಲಿ ಸೋತವರು ಮುಂದೆ ನೊಬೆಲ್ ಬಹುಮಾನ ಪಡೆದರು. ಬೇಡದೆ ಬಂದ ವೃತ್ತಿಯಲ್ಲೂ ತಮಗೆ ಇಷ್ಟವಾದ ಗಣಿತವನ್ನು ಅವರು ಕೈಬಿಡಲಿಲ್ಲ. ಆ ಗಣಿತವೇ ಕೊನೆಗೆ ಅವರ ವೈದ್ಯಕೀಯಕ್ಕೆ ಹೊಸ ದಾರಿ ತೋರಿಸಿತು.

ಬೆಂಗಳೂರಿನ ನೀರಿನ ತೊಟ್ಟಿ

1883ರಲ್ಲಿ ರಾಸ್ ಅವರಿಗೆ ಬೆಂಗಳೂರು ದಂಡಿನಲ್ಲಿ ಕೆಲಸ ಸಿಕ್ಕಿತು. ವಾಸಕ್ಕೆ ಒಳ್ಳೆಯ ಬಂಗಲೆ. ಆದರೆ ಅವರ ಕೋಣೆಯಲ್ಲಿ ಮಾತ್ರ ಬೇರೆ ಕೋಣೆಗಳಿಗಿಂತ ಸೊಳ್ಳೆಗಳ ಕಾಟ ವಿಪರೀತ. ಕಾರಣ ಹುಡುಕಿದಾಗ ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ ಕಂಡಿತು. ಇಣುಕಿ ನೋಡಿದರೆ ಸೊಳ್ಳೆಯ ಮರಿಹುಳುಗಳು ಮಿಜಿಗುಟ್ಟುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿಸಿದರು. ಕೆಲವೇ ದಿನಗಳಲ್ಲಿ ಸೊಳ್ಳೆ ಕಡಿಮೆಯಾಯಿತು. ಸಂತೋಷದಿಂದ ಮೇಲಧಿಕಾರಿಯ ಬಳಿ ಹೋಗಿ, ಮೆಸ್ಸಿನ ಸುತ್ತಲಿರುವ ಇತರ ತೊಟ್ಟಿಗಳನ್ನೂ ಹೀಗೆಯೇ ಮಾಡಿಸೋಣ ಎಂದು ಕೇಳಿದರು. ಆ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಗಳೂ ಯಾವುದೋ ಉದ್ದೇಶಕ್ಕಾಗಿಯೇ ಸೃಷ್ಟಿಯಾಗಿವೆ, ಅವುಗಳನ್ನು ಸಹಿಸಿಕೊಳ್ಳುವುದೇ ಲೇಸು ಎಂಬುದು ಅವರ ವಾದ.

ಆಗ ರಾಸ್‌ಗೆ ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವಿದೆ ಎಂದು ತಿಳಿದಿರಲಿಲ್ಲ. ಆದರೂ ಈ ಚಿಕ್ಕ ಘಟನೆಯಲ್ಲಿ ಅವರ ಮುಂದಿನ ಜೀವನವೆಲ್ಲ ಅಡಗಿದೆ. ತೊಂದರೆಯ ಮೂಲವನ್ನು ಕಣ್ಣಾರೆ ನೋಡುವುದು, ಒಂದು ಕ್ರಮ ಕೈಗೊಳ್ಳುವುದು, ಆಮೇಲೆ ತೊಂದರೆ ಕಡಿಮೆಯಾಯಿತೇ ಎಂದು ಮತ್ತೆ ನೋಡುವುದು. ಇಂದು ಆಸ್ಪತ್ರೆಗಳಲ್ಲಿ ಗುಣಮಟ್ಟ ಸುಧಾರಣೆ ಎಂಬ ದೊಡ್ಡ ಹೆಸರಿನಲ್ಲಿ ಕಲಿಸುವ ವಿದ್ಯೆಯ ತಿರುಳು ಇಷ್ಟೇ.

ಸಿಕಂದರಾಬಾದಿನ ದಿನಗಳು

1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ರಾಸ್‌ಗೆ ಸೂಕ್ಷ್ಮದರ್ಶಕದಲ್ಲಿ ಮಲೇರಿಯಾ ಪರೋಪಜೀವಿಯನ್ನು ತೋರಿಸಿದರು. ಫ್ರಾನ್ಸಿನ ಲಾವೆರಾನ್ ಅದನ್ನು 1880ರಲ್ಲೇ ಅಲ್ಜೀರಿಯಾದಲ್ಲಿ ಕಂಡುಹಿಡಿದಿದ್ದರೂ ರಾಸ್ ಅಲ್ಲಿಯವರೆಗೂ ನಂಬಿರಲಿಲ್ಲ. ಅದು ಮನುಷ್ಯನ ರಕ್ತದಿಂದ ಸೊಳ್ಳೆಯ ಹೊಟ್ಟೆಗೆ ಹೋಗುತ್ತದೆ ಎಂಬುದು ಮ್ಯಾನ್ಸನ್ನರ ಊಹೆ. ಆ ಊಹೆಯನ್ನು ಪರೀಕ್ಷಿಸುವ ಪಣ ತೊಟ್ಟು ರಾಸ್ 1895ರಲ್ಲಿ ಸಿಕಂದರಾಬಾದಿನ ಬೇಗಂಪೇಟೆಗೆ ಬಂದರು.

ಅಲ್ಲಿ ಅವರಿಗೆ ಸಿಕ್ಕಿದ ಒಬ್ಬ ರೋಗಿಯ ಹೆಸರು ಅಬ್ದುಲ್ ಖಾದಿರ್. ಆತನ ರಕ್ತದಲ್ಲಿ ಪರೋಪಜೀವಿಗಳು ಹೇರಳವಾಗಿದ್ದವು. ಅವನನ್ನು ಸೊಳ್ಳೆಪರದೆಯೊಳಗೆ ಮಲಗಿಸಿ, ಸೊಳ್ಳೆಗಳಿಂದ ಕಚ್ಚಿಸಿ, ಆ ಸೊಳ್ಳೆಗಳನ್ನು ಸೀಳಿ ನೋಡುತ್ತಿದ್ದರು. ಸೊಳ್ಳೆ ಸತ್ತು ಬಿದ್ದ ನೀರನ್ನು ಕುಡಿಯುವುದರಿಂದ ಮಲೇರಿಯಾ ಬರಬಹುದು ಎಂಬ ಮ್ಯಾನ್ಸನ್ನರ ಇನ್ನೊಂದು ಊಹೆಯನ್ನು ಪರೀಕ್ಷಿಸಲು ಲಛ್ಮನ್ ಎಂಬ ಆರೋಗ್ಯವಂತ ಯುವಕನಿಗೆ ಹಣ ಕೊಟ್ಟು ಅಂಥ ನೀರನ್ನು ಕುಡಿಸಿದರು. ಕೆಲವು ದಿನಗಳಲ್ಲಿ ಆತನಿಗೆ ಜ್ವರ ಬಂದಿತು. ರಾಸ್ ಹಿಗ್ಗಿದರು. ಆದರೆ ಬೇರೆಯವರಿಗೆ ಕುಡಿಸಿದಾಗ ಹಾಗಾಗಲಿಲ್ಲ. ಊಹೆಯೂ ಸುಳ್ಳಾಯಿತು.

ಇಲ್ಲಿ ನಾವು ರಾಸ್ ಅವರನ್ನು ಕೇವಲ ಹೊಗಳಿ ಮುಂದೆ ಹೋಗುವಂತಿಲ್ಲ. ಆರೋಗ್ಯವಂತನೊಬ್ಬನಿಗೆ ಬೇಕೆಂದೇ ರೋಗ ಬರಿಸಲು ಯತ್ನಿಸುವುದು ಇಂದು ಯಾವ ನೀತಿ ಸಮಿತಿಯ ಒಪ್ಪಿಗೆಯೂ ಇಲ್ಲದೆ ಸಾಧ್ಯವಿಲ್ಲ. ಬಡವನ ಕೈಗೆ ನಾಲ್ಕು ಕಾಸು ಇಟ್ಟ ಮಾತ್ರಕ್ಕೆ ಅದು ಆತನ ಸಮ್ಮತಿಯಾಗುವುದಿಲ್ಲ. ರೋಗಿಯ ಸುರಕ್ಷತೆ ಎಂಬ ಮಾತೇ ಆ ಕಾಲದಲ್ಲಿ ಇರಲಿಲ್ಲ. ಅದು ಯಾಕೆ ಬೇಕು ಎಂದು ನಮಗೆ ತಿಳಿಸುವವರಲ್ಲಿ ಲಛ್ಮನ್‌ನಂಥ ಸಾಮಾನ್ಯರೂ ಸೇರಿದ್ದಾರೆ.

ಕಾಲರಾ ಮತ್ತು ಬೆಂಗಳೂರು

ಪ್ರಯೋಗ ಇನ್ನೂ ಮುಗಿದಿರಲಿಲ್ಲ. 1895ರ ಸೆಪ್ಟೆಂಬರಿನಲ್ಲಿ ಸರ್ಕಾರ ರಾಸ್ ಅವರನ್ನು ಬೆಂಗಳೂರಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿಗೆ, ಅಂದರೆ ಈಗಿನ ದಂಡು ಪ್ರದೇಶಕ್ಕೆ, ವಿಶೇಷ ನೈರ್ಮಲ್ಯ ಕಾರ್ಯಕ್ಕಾಗಿ ವರ್ಗ ಮಾಡಿತು. ಕಾರಣ ಕಾಲರಾ. ಸೊಳ್ಳೆಯ ಕೆಲಸ ನಿಂತುಹೋಯಿತೆಂದು ರಾಸ್ ಬಹಳ ನೊಂದುಕೊಂಡರು. ಆದರೆ ಬೆಂಗಳೂರಿನ ಆ ಒಂದೂವರೆ ವರ್ಷ ವ್ಯರ್ಥವಾಗಲಿಲ್ಲ.

ದಂಡಿನ ಇಕ್ಕಟ್ಟಾದ ಕೇರಿಗಳು, ಕೊಳಚೆ ಚರಂಡಿಗಳು, ಮನೆಗಳ ನಡುವಿನ ಬಾವಿಗಳು ಇವೆಲ್ಲವನ್ನೂ ಅವರು ಸುತ್ತಿ ನೋಡಬೇಕಾಯಿತು. ಹೆಸರಘಟ್ಟ ಕೆರೆಯಿಂದ ಕೊಳವೆಯ ನೀರು ಬೆಂಗಳೂರಿಗೆ ಬರುವ ಏರ್ಪಾಡು ಆಗಿನ್ನೂ ಪೂರ್ಣಗೊಳ್ಳುವ ಹಂತದಲ್ಲಿತ್ತು. 1896ರಲ್ಲಿ ರಾಸ್ ಒಂದು ವರದಿ ಸಲ್ಲಿಸಿದರು. ಅದರ ವಿಶೇಷವೆಂದರೆ, ಅದು ಕಾಲರಾ ರೋಗದ ಬಗ್ಗೆ ಮಾತ್ರ ಇರಲಿಲ್ಲ. ಊರಿನ ಒಟ್ಟು ನೈರ್ಮಲ್ಯ, ನೈರ್ಮಲ್ಯ ಇಲಾಖೆ ಮತ್ತು ಅದರ ನಿಯಮಗಳನ್ನೂ ಅದು ಪರಿಶೀಲನೆಗೆ ಎತ್ತಿಕೊಂಡಿತ್ತು. ರೋಗ ಬಂದಾಗ ರೋಗಿಯನ್ನು, ನೀರನ್ನು, ಗಾಳಿಯನ್ನು ದೂರುವುದು ಸುಲಭ. ಕೆಲಸ ಮಾಡಬೇಕಾದ ಇಲಾಖೆಯನ್ನೇ ತಕ್ಕಡಿಯಲ್ಲಿ ಇಡುವುದು ಕಷ್ಟ. ರಾಸ್ ಆ ಕಷ್ಟದ ದಾರಿಯನ್ನು ಹಿಡಿದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರು ನೆನಪಿಡಬೇಕಾದ ವಿಚಾರ.

ಒಂದು ಕಡಿತಕ್ಕೆ ಒಂದು ಆಣೆ

1897ರಲ್ಲಿ ರಾಸ್ ಊಟಿಯ ಬಳಿಯ ಸಿಗೂರು ಘಾಟಿಗೆ ಮಲೇರಿಯಾ ಹುಡುಕಿಕೊಂಡು ಹೋದರು. ಸೊಳ್ಳೆಪರದೆಯೊಳಗೆ ಮಲಗಿದ್ದರೂ ತಾವೇ ಚಳಿಜ್ವರಕ್ಕೆ ತುತ್ತಾದರು. ಚೇತರಿಸಿಕೊಂಡು ಸಿಕಂದರಾಬಾದಿಗೆ ಮರಳಿದರು. ಸೆಕೆಯಲ್ಲಿ ಪಂಖವನ್ನೂ ಬೀಸಿಸಿಕೊಳ್ಳುವಂತಿಲ್ಲ, ಬೀಸಿದರೆ ಸೀಳಿಟ್ಟ ಸೊಳ್ಳೆ ಹಾರಿಹೋಗುತ್ತದೆ. ಹಣೆಯ ಬೆವರು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳಿಗೆ ತುಕ್ಕು ಹಿಡಿದಿತ್ತು. ನೂರಾರು ಸೊಳ್ಳೆಗಳನ್ನು ಸೀಳಿದರೂ ಫಲವಿಲ್ಲ. ಅಲ್ಲಿಯವರೆಗೆ ಅವರು ನೋಡಿದ್ದು ಸರಿಯಾದ ಜಾತಿಯ ಸೊಳ್ಳೆಯನ್ನೇ ಅಲ್ಲ.

ಆಗಸ್ಟ್ ತಿಂಗಳಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿರುವ ಬೇರೆ ಬಗೆಯ ಸೊಳ್ಳೆಗಳು ದೊರೆತವು. ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಆ ಸೊಳ್ಳೆಗಳಿಗೆ ಕೈಯೊಡ್ಡಿದ. ಒಂದು ಸೊಳ್ಳೆ ಕಚ್ಚಿದರೆ ಒಂದು ಆಣೆ ಎಂಬ ಕರಾರು. ಹತ್ತು ಸೊಳ್ಳೆ ಕಚ್ಚಿದವು, ಹತ್ತು ಆಣೆ ಸಂದಿತು. ಆಗಸ್ಟ್ 20ರಂದು ಉಳಿದಿದ್ದ ಸೊಳ್ಳೆಗಳಲ್ಲಿ ಒಂದರ ಜಠರದ ಗೋಡೆಯಲ್ಲಿ ರಾಸ್ ದುಂಡನೆಯ ಹೊಸ ಕೋಶಗಳನ್ನು ಕಂಡರು. ಅವುಗಳೊಳಗೆ ಮಲೇರಿಯಾ ಪರೋಪಜೀವಿಯ ಗುರುತಾದ ಕಪ್ಪು ವರ್ಣಕಣಗಳಿದ್ದವು. ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಆ ಕೋಶಗಳು ಇನ್ನಷ್ಟು ದೊಡ್ಡದಾಗಿದ್ದವು. ಪರೋಪಜೀವಿ ಸೊಳ್ಳೆಯೊಳಗೆ ಬೆಳೆಯುತ್ತಿತ್ತು! ಜಗತ್ತು ಇಂದಿಗೂ ಆಗಸ್ಟ್ 20ನ್ನು ಸೊಳ್ಳೆ ದಿನವೆಂದು ಆಚರಿಸುತ್ತದೆ.

ಮುಂದೆ ಕಲ್ಕತ್ತಾಕ್ಕೆ ಹೋದಾಗ ಬೇರೆಯೇ ತೊಡಕು ಎದುರಾಯಿತು. ಪ್ಲೇಗ್ ಲಸಿಕೆಯ ಬಗ್ಗೆ ಜನರಲ್ಲಿ ಭಯ, ವದಂತಿ ಹಬ್ಬಿತ್ತು. ರಕ್ತಕ್ಕಾಗಿ ಬೆರಳು ಚುಚ್ಚಿಸಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಜನರ ವಿಶ್ವಾಸ ಇಲ್ಲದ ಕಡೆ ವೈದ್ಯ ಎಷ್ಟೇ ಜಾಣನಾದರೂ ಕೈಕಟ್ಟಿ ಕೂರಬೇಕಾಗುತ್ತದೆ. ರಾಸ್ ಪಕ್ಷಿಗಳ ಮಲೇರಿಯಾದತ್ತ ತಿರುಗಿದರು. ಮಹಮ್ಮದ್ ಬಕ್ಷ್ ಎಂಬ ಸಹಾಯಕ ಅವರ ಬಲಗೈಯಾದ. ಸೊಳ್ಳೆಗಳನ್ನು ಹಿಡಿಯುವುದು, ಸಾಕುವುದು, ಗುಬ್ಬಚ್ಚಿಗಳನ್ನು ನೋಡಿಕೊಳ್ಳುವುದು ಎಲ್ಲದರಲ್ಲೂ ಆತನ ಪಾಲಿತ್ತು. 1898ರ ಜುಲೈನಲ್ಲಿ ಪರೋಪಜೀವಿ ಸೊಳ್ಳೆಯ ಜೊಲ್ಲುಗ್ರಂಥಿಗೆ ಬಂದು ಸೇರುವುದನ್ನು ರಾಸ್ ಕಂಡರು. ಸೋಂಕಿನ ಸೊಳ್ಳೆಗಳಿಂದ ಕಚ್ಚಿಸಿದಾಗ ಆರೋಗ್ಯವಂತ ಗುಬ್ಬಚ್ಚಿಗಳಿಗೆ ಮಲೇರಿಯಾ ತಗುಲಿತು. ಮನುಷ್ಯನ ಮಲೇರಿಯಾದ ಪೂರ್ಣ ಚಕ್ರವನ್ನು ಅದೇ ವರ್ಷದ ಕೊನೆಯಲ್ಲಿ ಇಟಲಿಯ ಗ್ರಾಸಿ ಮತ್ತು ಅವರ ಸಂಗಡಿಗರು ಅನಾಫಿಲಿಸ್ ಸೊಳ್ಳೆಯಲ್ಲಿ ತೋರಿಸಿದರು.

1902ರಲ್ಲಿ ರಾಸ್ ಅವರಿಗೆ ನೊಬೆಲ್ ಬಹುಮಾನ ಬಂದಿತು. ಹತ್ತು ಆಣೆ ಪಡೆದ ಹುಸೇನ್ ಖಾನ್, ಹಗಲಿರುಳು ದುಡಿದ ಮಹಮ್ಮದ್ ಬಕ್ಷ್ ಇವರ ಹೆಸರು ಯಾವ ಪ್ರಶಸ್ತಿಯ ಮೇಲೂ ಇಲ್ಲ. ಆದರೆ ಅವರಿಲ್ಲದೆ ಆ ಬಹುಮಾನವೂ ಇಲ್ಲ ಎಂಬುದನ್ನು ನಾವಾದರೂ ನೆನೆಯೋಣ.

ಇಸ್ಮಾಯಿಲಿಯಾದ ಲೆಕ್ಕ

ಕಾರಣ ಗೊತ್ತಾಯಿತು. ಇನ್ನು ರೋಗ ತಾನಾಗಿಯೇ ಹೋಗುತ್ತದೆಯೇ? ಇಲ್ಲ ಎಂಬುದನ್ನು ರಾಸ್ ಬೇಗನೆ ಅರಿತರು. 1899ರಲ್ಲಿ ಭಾರತದ ಸೇವೆ ಬಿಟ್ಟು ಲಿವರ್‌ಪೂಲಿನ ಉಷ್ಣವಲಯ ವೈದ್ಯಕೀಯ ಶಾಲೆ ಸೇರಿದ ಅವರು, ಆಫ್ರಿಕಾದ ಸಿಯೆರಾ ಲಿಯೋನ್ ಮೊದಲಾದ ಕಡೆ ಸೊಳ್ಳೆ ನಿವಾರಣೆಯ ಕೆಲಸ ಮಾಡಿಸಿದರು. ಎಲ್ಲೆಡೆ ಫಲ ಒಂದೇ ರೀತಿ ಇರಲಿಲ್ಲ.

ಈಜಿಪ್ಟಿನ ಸೂಯೆಜ್ ಕಾಲುವೆಯ ದಡದಲ್ಲಿ ಇಸ್ಮಾಯಿಲಿಯಾ ಎಂಬ ಪಟ್ಟಣವಿದೆ. ಖೆದಿವ್ ಇಸ್ಮಾಯಿಲ್ ಪಾಷಾ ಅವರ ಹೆಸರಿನಲ್ಲಿ ಕಟ್ಟಿದ ಸುಂದರ ಊರು. ನೈಲ್ ನದಿಯಿಂದ ಸಿಹಿನೀರಿನ ನಾಲೆ ಬಂದ ಮೇಲೆ ಅಲ್ಲಿ ಮಲೇರಿಯಾ ಮನೆಮನೆಗೂ ಹೊಕ್ಕಿತು. ಕಾಲುವೆ ಕಂಪನಿಯ ಕರೆಯ ಮೇರೆಗೆ 1902ರ ಸೆಪ್ಟೆಂಬರಿನಲ್ಲಿ ರಾಸ್ ಅಲ್ಲಿಗೆ ಹೋದರು. ಜೌಗು ಮುಚ್ಚಿಸುವುದು, ನಿಂತ ನೀರಿಗೆ ಎಣ್ಣೆ ಹಾಕುವುದು, ಮನೆಗಳ ಕೆಳಗಿನ ಕೊಳಚೆ ಗುಂಡಿಗಳನ್ನು ಶುದ್ಧ ಮಾಡುವುದು ಎಲ್ಲವೂ ಆರಂಭವಾದವು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಕಂಪನಿಯ ಆಸ್ಪತ್ರೆಯಲ್ಲಿ ವರ್ಷವರ್ಷದ ಮಲೇರಿಯಾ ರೋಗಿಗಳ ಲೆಕ್ಕವನ್ನು ಮೊದಲಿನಿಂದಲೂ ಇಟ್ಟುಕೊಂಡು ಬಂದಿದ್ದರು. 1900ರಲ್ಲಿ 2284 ಪ್ರಕರಣಗಳು. 1902ರಲ್ಲಿ 1551. ಕೆಲಸ ನಡೆದ ಮೇಲೆ 1903ರಲ್ಲಿ 214. 1904ರಲ್ಲಿ 90. 1905ರಲ್ಲಿ ಕೇವಲ 37. ಈ ಐದು ಸಂಖ್ಯೆಗಳ ಮುಂದೆ ಯಾವ ವಾದವೂ ನಿಲ್ಲಲಿಲ್ಲ. ಆ ಹಳೆಯ ಲೆಕ್ಕದ ಪುಸ್ತಕ ಇಲ್ಲದಿದ್ದರೆ ಅಷ್ಟೊಂದು ಶ್ರಮ ಫಲ ಕೊಟ್ಟಿತೆಂದು ಯಾರಿಗೂ ತೋರಿಸಲು ಆಗುತ್ತಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಲಾಹೋರಿನ ಬಳಿಯ ಮಿಯಾನ್ ಮೀರ್. ಅಲ್ಲಿ ಸೈನಿಕ ನೆಲೆಯ ಸುತ್ತ ನೀರಾವರಿ ನಾಲೆಗಳು. 1901ರಿಂದ ಸರ್ಕಾರ ಅಲ್ಲಿ ಸೊಳ್ಳೆ ನಿವಾರಣೆ ಪ್ರಯತ್ನಿಸಿ, ಫಲ ಸಿಗಲಿಲ್ಲ, ಈ ದಾರಿ ಉಪಯೋಗವಿಲ್ಲ ಎಂಬ ತೀರ್ಮಾನಕ್ಕೆ ಬಂದಿತು. ರಾಸ್ ಕೆರಳಿದರು. ಕೆಲಸಕ್ಕೆ ಮುಂಚೆ ರೋಗ ಎಷ್ಟಿತ್ತು, ಸೊಳ್ಳೆ ಎಷ್ಟಿತ್ತು ಎಂದು ಸರಿಯಾಗಿ ಅಳೆಯದೆ, ಸುತ್ತಲಿನ ಎಷ್ಟು ದೂರವನ್ನು ಶುದ್ಧ ಮಾಡಬೇಕೆಂದು ಲೆಕ್ಕ ಹಾಕದೆ, ಸೋತೆವೆಂದು ಹೇಳುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ಸೋಲನ್ನು ಹೇಳಲಿಕ್ಕೂ ಅಳತೆ ಬೇಕು, ಗೆಲುವನ್ನು ಹೇಳಲಿಕ್ಕೂ ಅಳತೆ ಬೇಕು.

ಮಕ್ಕಳ ಹೊಟ್ಟೆ ಮುಟ್ಟಿ ನೋಡುವ ಅಳತೆ

ರಕ್ತಪರೀಕ್ಷೆ ಎಲ್ಲೆಡೆ ಸಾಧ್ಯವಿಲ್ಲದ ಕಾಲದಲ್ಲಿ ಮಲೇರಿಯಾವನ್ನು ಅಳೆಯುವುದು ಹೇಗೆ? ಅದಕ್ಕೊಂದು ಸುಲಭ ಉಪಾಯವಿತ್ತು. ಪದೇಪದೇ ಮಲೇರಿಯಾ ಬಂದರೆ ಎಡಗಡೆ ಪಕ್ಕೆಲುಬಿನ ಕೆಳಗಿರುವ ಗುಲ್ಮ ಊದಿಕೊಳ್ಳುತ್ತದೆ. ಊರಿನ ನೂರು ಮಕ್ಕಳ ಹೊಟ್ಟೆ ಮುಟ್ಟಿ ನೋಡಿ, ಎಷ್ಟು ಮಕ್ಕಳಿಗೆ ಗುಲ್ಮ ಊದಿದೆ ಎಂದು ಎಣಿಸಿದರೆ ಆ ಊರಿನ ಮಲೇರಿಯಾದ ಅಳತೆ ಸಿಗುತ್ತದೆ. ಈ ಉಪಾಯವನ್ನು 1840ರ ದಶಕದಲ್ಲೇ ಡೆಂಪ್‌ಸ್ಟರ್ ಎಂಬ ವೈದ್ಯರು ಉತ್ತರ ಭಾರತದಲ್ಲಿ, ಯಮುನಾ ನಾಲೆಗಳ ನೀರಾವರಿಯಿಂದ ಜನರ ಆರೋಗ್ಯಕ್ಕೆ ಏನಾಗಿದೆ ಎಂದು ತಿಳಿಯಲು ಬಳಸಿದ್ದರು.

ರಾಸ್ 1907-08ರಲ್ಲಿ ಮಾರಿಷಸ್ ದ್ವೀಪಕ್ಕೆ ಹೋದಾಗ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿಸಿದರು. ಸುಮಾರು ಮೂವತ್ತು ಸಾವಿರ ಮಕ್ಕಳನ್ನು ಪರೀಕ್ಷಿಸಲಾಯಿತು. ಮೂರರಲ್ಲಿ ಒಂದು ಮಗುವಿಗೆ ಗುಲ್ಮ ಊದಿತ್ತು. ಯಾವ ತೋಟ, ಯಾವ ಹಳ್ಳಿ, ಯಾವ ಶಾಲೆಯಲ್ಲಿ ಹೆಚ್ಚು ಎಂಬುದೂ ಇದರಿಂದ ತಿಳಿಯಿತು. ಹಣವನ್ನು ಮೊದಲು ಎಲ್ಲಿ ಖರ್ಚು ಮಾಡಬೇಕು ಎಂಬುದಕ್ಕೆ ಉತ್ತರ ಸಿಕ್ಕಿತು.

ಇಲ್ಲಿಂದ ಮುಂದೆ ಅವರ ಬಾಲ್ಯದ ಗೆಳೆಯನಾದ ಗಣಿತ ನೆರವಿಗೆ ಬಂದಿತು. ಒಂದು ಊರಿನಲ್ಲಿ ಎಷ್ಟು ರೋಗಿಗಳಿದ್ದಾರೆ, ಎಷ್ಟು ಸೊಳ್ಳೆಗಳಿವೆ, ಅವುಗಳಲ್ಲಿ ಎಷ್ಟು ಬದುಕಿ ಮತ್ತೊಬ್ಬರನ್ನು ಕಚ್ಚುತ್ತವೆ ಎಂಬುದನ್ನು ಸಮೀಕರಣಗಳಲ್ಲಿ ಬರೆದರು. ಅದರಿಂದ ಒಂದು ಅಚ್ಚರಿಯ ಸಂಗತಿ ಹೊರಬಂದಿತು. ಮಲೇರಿಯಾ ಹೋಗಲು ಕೊನೆಯ ಸೊಳ್ಳೆಯವರೆಗೂ ಕೊಲ್ಲಬೇಕಾಗಿಲ್ಲ. ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗೆ ಇಳಿದರೆ ಸಾಕು, ರೋಗ ತಾನಾಗಿಯೇ ಕುಗ್ಗುತ್ತಾ ಹೋಗುತ್ತದೆ. ಕೊರೋನಾ ಕಾಲದಲ್ಲಿ ಒಬ್ಬ ರೋಗಿಯಿಂದ ಎಷ್ಟು ಜನರಿಗೆ ಹರಡುತ್ತದೆ ಎಂಬ ಲೆಕ್ಕವನ್ನು ನೀವು ಪತ್ರಿಕೆಗಳಲ್ಲಿ ಓದಿದಿರಲ್ಲವೇ? ಆ ಲೆಕ್ಕದ ವಂಶವೃಕ್ಷದಲ್ಲಿ ರಾಸ್ ಅವರ ಸಮೀಕರಣಗಳೂ ಇವೆ.

ಮಾರಿಕಣಿವೆಯ ನಾಲೆಗಳು

ಈಗ ನಮ್ಮೂರಿಗೆ ಬರೋಣ. ಮಾರಿಕಣಿವೆ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. ಒಣ ಸೀಮೆಗೆ ನಾಲೆಗಳು ಹರಿದವು, ಗದ್ದೆಗಳಾದವು, ತೋಟಗಳಾದವು. ಆದರೆ ನಾಲೆಯ ಅಂಚಿನಲ್ಲಿ, ಸೋರಿ ನಿಂತ ನೀರಿನಲ್ಲಿ ಅನಾಫಿಲಿಸ್ ಸೊಳ್ಳೆಗೂ ಮನೆ ಸಿಕ್ಕಿತು. ಇಸ್ಮಾಯಿಲಿಯಾ ಮತ್ತು ಮಿಯಾನ್ ಮೀರ್‌ನಲ್ಲಿ ಆದದ್ದೇ ಇಲ್ಲಿಯೂ ಆಯಿತು.

1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ಮಲೇರಿಯಾ ಸಮೀಕ್ಷೆ ಮತ್ತು ನಿಯಂತ್ರಣದ ಕೆಲಸ ಕೈಗೊಂಡಿತು. ಆಗ ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರು. ಮಲೆನಾಡಿನ ಮೂಡಿಗೆರೆಯಂತೆ ಬಯಲುಸೀಮೆಯ ಹಿರಿಯೂರಿನ ಈ ನಾಲೆ ಪ್ರದೇಶವೂ ಆ ಕೆಲಸದ ಕೇಂದ್ರಗಳಲ್ಲಿ ಒಂದಾಗಿತ್ತು. ಹಳ್ಳಿಯ ಮಕ್ಕಳ ಗುಲ್ಮ ಪರೀಕ್ಷೆ, ರಕ್ತಲೇಪನದ ಪರೀಕ್ಷೆ, ಸೊಳ್ಳೆಗಳನ್ನು ಹಿಡಿದು ಜಾತಿ ಗುರುತಿಸುವುದು ಎಲ್ಲವೂ ರಾಸ್ ಹಾಕಿಕೊಟ್ಟ ದಾರಿಯಲ್ಲೇ ನಡೆದವು. ಸಂಸ್ಥಾನದಲ್ಲಿ ದುಡಿದ ಡಾ. ಸ್ವೀಟ್ ಮತ್ತು ಡಾ. ಬಿ. ಎ. ರಾವ್ ಅವರು ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಮೊಟ್ಟೆಯ ಮೇಲಿರುವ ಏಣುಗೆರೆಗಳನ್ನು ಎಣಿಸಿ ಒಂದು ಹೊಸ ಬಗೆಯನ್ನು ಗುರುತಿಸಿದರು. 1937ರಲ್ಲಿ ಅದಕ್ಕೆ ನಮ್ಮ ಮೈಸೂರಿನ ಹೆಸರನ್ನೇ ಇಟ್ಟರು. ರೋಗ ಹರಡುವುದರಲ್ಲಿ ಈ ಬಗೆ ದುರ್ಬಲ. ಕೇವಲ ಎಣಿಕೆಯಿಂದ, ಯಾವ ಸೊಳ್ಳೆಗೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದು ತಿಳಿಯಿತು ನೋಡಿ!

ಅಳತೆ ತಪ್ಪಿದಾಗ

ಸ್ವತಂತ್ರ ಭಾರತ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಡಿಡಿಟಿ ಸಿಂಪಡಣೆಯಿಂದ ವರ್ಷಕ್ಕೆ ಏಳೂವರೆ ಕೋಟಿಯಷ್ಟು ಇದ್ದ ರೋಗಿಗಳ ಸಂಖ್ಯೆ 1965ರ ಹೊತ್ತಿಗೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಗೆದ್ದೆವು ಎಂದುಕೊಂಡೆವು. ಹಣ, ಸಿಬ್ಬಂದಿ, ತಪಾಸಣೆ ಎಲ್ಲ ಸಡಿಲವಾದವು. ಡಿಡಿಟಿಗೆ ಬಗ್ಗದ ಸೊಳ್ಳೆಗಳೂ ಹೆಚ್ಚಿದವು. 1976ರಲ್ಲಿ ಪ್ರಕರಣಗಳು 64 ಲಕ್ಷವನ್ನು ಮೀರಿದವು. ಅಳೆಯುವುದನ್ನು ಬಿಟ್ಟ ಕಡೆ ರೋಗ ಸದ್ದಿಲ್ಲದೆ ಮರಳಿ ಬರುತ್ತದೆ.

ಇಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ನೀವು ಕೆಲವು ಅಂಕಿಗಳನ್ನು ನೋಡಿರಬಹುದು. ಸಾವಿರ ಜನರಿಗೆ ಎಷ್ಟು ಮಲೇರಿಯಾ ಪ್ರಕರಣ ಎಂಬುದು ಒಂದು. ವರ್ಷದಲ್ಲಿ ನೂರು ಜನರಲ್ಲಿ ಎಷ್ಟು ಮಂದಿಯ ರಕ್ತ ಪರೀಕ್ಷಿಸಲಾಗಿದೆ ಎಂಬುದು ಇನ್ನೊಂದು. ಇವೆರಡನ್ನೂ ಒಟ್ಟಿಗೆ ಓದಬೇಕು. ರಕ್ತಪರೀಕ್ಷೆಯನ್ನೇ ಕಡಿಮೆ ಮಾಡಿದರೆ ಪ್ರಕರಣಗಳೂ ಕಾಗದದ ಮೇಲೆ ಕಡಿಮೆಯಾಗುತ್ತವೆ. ಊರು ಆರೋಗ್ಯವಾಗಿದೆ ಎಂದು ತೋರುತ್ತದೆ, ಆದರೆ ಮನೆಯೊಳಗೆ ಜ್ವರದ ಮಗು ನರಳುತ್ತಿರುತ್ತದೆ. ಒಳ್ಳೆಯ ಅಂಕಿ ಬೇಕೆಂದು ಮೇಲಿನವರು ಗದರಿಸಿದರೆ ಕೆಳಗಿನವರು ಅಂಕಿಯನ್ನು ತಿದ್ದುತ್ತಾರೆ, ರೋಗವನ್ನಲ್ಲ. ಆದ್ದರಿಂದ ಅಳತೆ ಇರಬೇಕಾದದ್ದು ಶಿಕ್ಷೆಗಾಗಿ ಅಲ್ಲ, ತಿದ್ದಿಕೊಳ್ಳಲಿಕ್ಕಾಗಿ.

ಇನ್ನೂ ಒಂದು ಅಳತೆಯಿದೆ. ಅದನ್ನು ಯಾರು ಬೇಕಾದರೂ ಕೇಳಬಹುದು. ಜ್ವರ ಬಂದ ದಿನದಿಂದ ರಕ್ತ ತೆಗೆಯಲು ಎಷ್ಟು ದಿನ ಆಯಿತು? ಫಲಿತಾಂಶ ಬರಲು ಎಷ್ಟು ಹೊತ್ತಾಯಿತು? ಔಷಧಿ ಪೂರ್ತಿ ಮುಗಿಸಲಾಯಿತೇ? ವೈವಾಕ್ಸ್ ಮಲೇರಿಯಾಕ್ಕೆ ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ಕೊಡುವುದು ನಮ್ಮಲ್ಲಿ ರೂಢಿಯಲ್ಲಿರುವ ಕ್ರಮ. ಆದರೆ ಗರ್ಭಿಣಿಯರಿಗೆ, ಹಸುಳೆಗಳಿಗೆ ಅದನ್ನು ಕೊಡಬಾರದು. ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಅದರಿಂದ ಅಪಾಯವಾಗಬಹುದು. ಚಿಕಿತ್ಸೆ ಕೊಟ್ಟೆವು ಎಂದು ಬರೆದರೆ ಸಾಲದು, ಸುರಕ್ಷಿತವಾಗಿ ಕೊಟ್ಟೆವೇ ಎಂದು ನೋಡುವುದೇ ರೋಗಿಯ ಸುರಕ್ಷತೆಯ ಅಳತೆ. ಲಛ್ಮನ್‌ನ ಕಾಲದಿಂದ ನಾವು ನಡೆದು ಬಂದ ದೂರ ಅದು.

ಕೊನೆಯ ದಿನಗಳು

ರಾಸ್ ಅವರ ಬದುಕಿನ ಉತ್ತರಾರ್ಧ ಸುಖಮಯವಾಗಿರಲಿಲ್ಲ. 1911ರಲ್ಲಿ ಸರ್ ಪದವಿ ದೊರೆಯಿತು. ಆದರೆ ಕೀರ್ತಿ ಯಾರಿಗೆ ಸೇರಬೇಕೆಂದು ಗ್ರಾಸಿಯವರೊಂದಿಗೆ ಹಲವು ವರ್ಷ ಜಗಳವಾಡಿದರು. ದಾರಿ ತೋರಿಸಿದ ಗುರು ಮ್ಯಾನ್ಸನ್ ಅವರೊಂದಿಗೂ ಮನಸ್ತಾಪ ಕಟ್ಟಿಕೊಂಡರು. ತಾಳ್ಮೆ ಎಂಬುದು ಅವರಿಗೆ ಸೊಳ್ಳೆಗಳ ವಿಷಯದಲ್ಲಿ ಇತ್ತು, ಮನುಷ್ಯರ ವಿಷಯದಲ್ಲಿ ಇರಲಿಲ್ಲ. 1914ರಲ್ಲಿ ಹಿರಿಯ ಮಗ ಯುದ್ಧದಲ್ಲಿ ಮಡಿದ. ಹಣದ ಅಡಚಣೆಯಿಂದ ತಮ್ಮ ಕಾಗದಪತ್ರಗಳನ್ನು 1928ರಲ್ಲಿ ಮಾರಬೇಕಾಯಿತು. 1926ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಿನ ಸಂಸ್ಥೆ ಆರಂಭವಾಯಿತು. 1927ರಲ್ಲಿ ಕಲ್ಕತ್ತಾಕ್ಕೆ ಬಂದು ತಮ್ಮ ಸಂಶೋಧನೆಯ ನೆನಪಿನ ದ್ವಾರವನ್ನು ತಾವೇ ಅನಾವರಣ ಮಾಡಿದರು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ಕಣ್ಮುಚ್ಚಿದರು. ಅದರ ಮರುವರ್ಷವೇ ನಮ್ಮ ಮಾರಿಕಣಿವೆ ಮೊದಲ ಬಾರಿಗೆ ತುಂಬಿತು.

ನಮಗೆ ಉಳಿದ ಕೆಲಸ

ಓದುಗ ಮಿತ್ರರೇ, ಮಲೇರಿಯಾ ಇಂದು ನಮ್ಮ ಜಿಲ್ಲೆಯಲ್ಲಿ ಹಿಂದಿನ ಭೀತಿಯಾಗಿ ಉಳಿದಿಲ್ಲ. ಅದರ ಜಾಗಕ್ಕೆ ಡೆಂಗ್ಯೂ ಬಂದಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಅದನ್ನು ಹರಡುವ ಈಡಿಸ್ ಸೊಳ್ಳೆ ಬೆಳೆಯುವುದು ನಾಲೆಯಲ್ಲಿ ಅಲ್ಲ, ನಮ್ಮ ಮನೆಯ ಡ್ರಮ್ಮಿನಲ್ಲಿ, ಸಿಮೆಂಟಿನ ತೊಟ್ಟಿಯಲ್ಲಿ, ಹಳೆಯ ಟೈರಿನಲ್ಲಿ. ವಾರಕ್ಕೊಮ್ಮೆ ನೀರು ಬರುವ ಕೇರಿಗಳಲ್ಲಿ ನೀರು ಹಿಡಿದಿಡದೆ ವಿಧಿಯಿಲ್ಲ ನಿಜ. ಆದರೆ ಮುಚ್ಚಳ ಹಾಕಬಹುದು, ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ ತಿಕ್ಕಿ ತೊಳೆಯಬಹುದು.

ಆಶಾ ಕಾರ್ಯಕರ್ತೆ ನಿಮ್ಮ ಮನೆಗೆ ಬಂದು ತೊಟ್ಟಿಯೊಳಗೆ ಟಾರ್ಚು ಹಾಕಿ ನೋಡಿದಾಗ ಬೇಸರ ಮಾಡಿಕೊಳ್ಳಬೇಡಿ. ನೂರು ಮನೆಗಳಲ್ಲಿ ಎಷ್ಟು ಮನೆಗಳಲ್ಲಿ ಮರಿಹುಳು ಸಿಕ್ಕಿತು ಎಂಬ ಲೆಕ್ಕಕ್ಕಾಗಿ ಆಕೆ ಬಂದಿರುತ್ತಾಳೆ. ಬೆಂಗಳೂರಿನ ಕಿಟಕಿಯಿಂದ ಯುವಕ ರಾಸ್ ಇಣುಕಿ ನೋಡಿದ ಅದೇ ತೊಟ್ಟಿಯನ್ನು ಆಕೆ ನಿಮ್ಮ ಅಂಗಳದಲ್ಲಿ ಇಣುಕಿ ನೋಡುತ್ತಿದ್ದಾಳೆ.

ವಿದ್ಯಾರ್ಥಿಗಳು ಇದನ್ನೇ ಒಂದು ಚಿಕ್ಕ ಕೆಲಸವಾಗಿ ಮಾಡಬಹುದು. ನಿಮ್ಮ ಬೀದಿಯ ಇಪ್ಪತ್ತು ಮನೆಗಳ ತೊಟ್ಟಿಗಳನ್ನು ಈ ವಾರ ನೋಡಿ, ಎಷ್ಟರಲ್ಲಿ ಮರಿಹುಳು ಇದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮನೆಯವರಿಗೆ ತಿಳಿಹೇಳಿ ತೊಳೆಸಿ. ಮೂರು ವಾರ ಬಿಟ್ಟು ಮತ್ತೆ ಎಣಿಸಿ. ಎರಡನೆಯ ಸಂಖ್ಯೆ ಮೊದಲನೆಯದಕ್ಕಿಂತ ಕಡಿಮೆಯಿದ್ದರೆ ನೀವು ಗೆದ್ದಿರಿ. ಕಡಿಮೆಯಾಗಿಲ್ಲದಿದ್ದರೆ ಅದನ್ನೂ ಹಾಗೆಯೇ ಬರೆಯಿರಿ, ಮುಚ್ಚಿಡಬೇಡಿ. ಎಲ್ಲಿ ತಪ್ಪಿತು ಎಂದು ಹುಡುಕಲು ಆ ಸಂಖ್ಯೆಯೇ ಬೇಕಾಗುತ್ತದೆ.